ಮಾತ್ರೆಯ ಮೇಲೆ 60, ಬ್ಯುರೆಟ್‌ನಲ್ಲಿ 71: ಕಬ್ಬಿಣದ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಸರ್, ನಾನು ಬಿಎಸ್ಸಿ ಕೊನೆಯ ವರ್ಷ, ಕೆಮಿಸ್ಟ್ರಿ. ಮನೆ ಪೆರ್ಲದ ಹತ್ತಿರ. ಅಕ್ಕನಿಗೆ ಈಗ ಐದು ತಿಂಗಳು. ಆರೋಗ್ಯ ಕೇಂದ್ರದಲ್ಲಿ ಕೆಂಪು ಬಣ್ಣದ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಒಂದರಲ್ಲಿ 60 ಮಿ.ಗ್ರಾಂ. ಕಬ್ಬಿಣ ಅಂತ ಬರೆದಿದೆ. ಅಕ್ಕನ ಅತ್ತೆಗೆ ಅದರ ಮೇಲೆ ನಂಬಿಕೆ ಇಲ್ಲ. ಪುಕ್ಕಟೆ ಕೊಡುವ ಮಾತ್ರೆಯಲ್ಲಿ ಏನಿರುತ್ತದೆ ಅಂತ ಹೇಳಿ ಮೆಡಿಕಲ್‌ನಿಂದ ಫೆರಸ್ ಆಸ್ಕಾರ್ಬೇಟ್ ಮಾತ್ರೆ ತರಿಸಿದ್ದಾರೆ, ಅದರಲ್ಲಿ 100 ಮಿ.ಗ್ರಾಂ. ಅಂತ ಇದೆ. ಪ್ರಾಜೆಕ್ಟ್‌ಗೂ ಆಯಿತು ಅಂತ ಎರಡನ್ನೂ ಲ್ಯಾಬ್‌ನಲ್ಲಿ ಪರ್ಮಾಂಗನೇಟ್ ಹಾಕಿ ಟೈಟ್ರೇಶನ್ ಮಾಡಿದೆ, ಅಂದರೆ ಬ್ಯುರೆಟ್ ಅನ್ನುವ ಅಳತೆ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು, ಬಣ್ಣ ನಿಲ್ಲುವವರೆಗೆ ಎಷ್ಟು ಖರ್ಚಾಯಿತು ಅಂತ ನೋಡಿದೆ. ಮಾತ್ರೆಯನ್ನು ನಲ್ಲಿ ನೀರಿನಲ್ಲಿ ಕರಗಿಸಿ, ಆಮೇಲೆ ಆಮ್ಲ ಸೇರಿಸಿ, ಬಿಸಿ ಮಾಡಿ ಟೈಟ್ರೇಟ್ ಮಾಡಿದ್ದು. ಕೆಂಪು ಮಾತ್ರೆಗೆ 71 ಬಂತು. ನೀರಿನಲ್ಲಿ ಕರಗಿಸಿಟ್ಟಿದ್ದನ್ನೇ ಮರುದಿನ ಮಾಡಿದರೆ, ಆ ದಿನ ಬಿಸಿ ಮಾಡಿರಲಿಲ್ಲ, 52 ಬಂತು. ಮೆಡಿಕಲ್‌ನ ಮಾತ್ರೆಗೆ 400 ದಾಟಿತು! ಕಂಪನಿಯವರು ಮೋಸ ಮಾಡುತ್ತಿದ್ದಾರಾ? ಯಾವ ಸಂಖ್ಯೆಯನ್ನು ನಂಬಬೇಕು? ಅಕ್ಕ ಯಾವುದನ್ನು ತೆಗೆದುಕೊಳ್ಳಬೇಕು?

ಉತ್ತರ: ಮೊದಲು ಅಕ್ಕನ ವಿಷಯ ಮುಗಿಸೋಣ, ಲ್ಯಾಬ್ ಆಮೇಲೆ.

ನಿಮ್ಮ 400 ನೋಡಿ ಹೆದರಿ ಅಕ್ಕ ಮಾತ್ರೆ ನಿಲ್ಲಿಸಿದ್ದರೆ, ಅವರು ಮತ್ತೆ ಶುರು ಮಾಡಲಿ. ಆ ಸಂಖ್ಯೆ ಕಬ್ಬಿಣದ್ದಲ್ಲ, ಯಾಕೆ ಅಂತ ಕೆಳಗೆ ಹೇಳುತ್ತೇನೆ. ಆದರೆ ಎರಡೂ ಮಾತ್ರೆಗಳನ್ನು ಒಟ್ಟಿಗೆ ತಿನ್ನುವುದು ಬೇಡ. ಯಾವುದಾದರೂ ಒಂದು. ಅಕ್ಕನ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಿ ಡಾಕ್ಟರು ಯಾವುದು ಹೇಳುತ್ತಾರೋ ಅದು. ಆರೋಗ್ಯ ಕೇಂದ್ರದ ಕೆಂಪು ಮಾತ್ರೆ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ್ದು. 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಪುಕ್ಕಟೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಬದಿಗಿಡಬೇಕಾಗಿಲ್ಲ ಅಂತ ಅತ್ತೆಗೆ ಧೈರ್ಯವಾಗಿ ಹೇಳಿ. ಹಾಗೇ 100 ಇರುವುದರಿಂದ 60ಕ್ಕಿಂತ ಅಷ್ಟೇ ಪಟ್ಟು ಜಾಸ್ತಿ ರಕ್ತ ಆಗುತ್ತದೆ ಅಂತಲೂ ಇಲ್ಲ. ತಿಂದ ಕಬ್ಬಿಣದಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಡೋಸ್ ಜಾಸ್ತಿ ಮಾಡಿದ ಹಾಗೆ ಹೀರುವ ಪಾಲು ಕಮ್ಮಿಯಾಗುತ್ತಾ ಹೋಗುತ್ತದೆ, ಉಳಿದದ್ದು ಹೊಟ್ಟೆ ಉರಿ, ಮಲಬದ್ಧತೆ ಮಾಡುತ್ತದೆ. ಮಾತ್ರೆ ತಿಂದ ಹೊತ್ತಿಗೇ ಚಹಾ ಕುಡಿಯುವುದು, ಎಲೆ ಅಡಿಕೆ ಹಾಕುವುದು ಬೇಡ. ಚಹಾದಲ್ಲೂ ಅಡಿಕೆಯಲ್ಲೂ ಇರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರೆ ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಲಿ.

ಇನ್ನೊಂದು ಮಾತು, ಇದು ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೂ ಹೇಳಲೇಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಮಾತ್ರೆಗಳು ಕೈಗೆ ಸಿಗದ ಹಾಗೆ ಇಡಿ. ಕೆಂಪಗೆ, ಸಕ್ಕರೆ ಲೇಪ ಹಾಕಿದ್ದು, ಮಗುವಿನ ಕಣ್ಣಿಗೆ ಅದು ಮಿಠಾಯಿ. ಮೈತೂಕದ ಕಿಲೋಗೆ 20 ಮಿ.ಗ್ರಾಂ. ಕಬ್ಬಿಣ ಹೊಟ್ಟೆಗೆ ಹೋದರೇ ವಾಂತಿ, ಹೊಟ್ಟೆನೋವು ಶುರುವಾಗಬಹುದು, 60 ದಾಟಿದರೆ ಜೀವಕ್ಕೇ ಅಪಾಯ. 10 ಕಿಲೋ ತೂಕದ ಮಗುವಿಗೆ ಈ ಮಾತ್ರೆ ಹತ್ತು ಸಾಕು ಅಂತ ಆಯಿತು. ಒಂದು ಸ್ಟ್ರಿಪ್. ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಕಾಯಬೇಡಿ, ಸ್ಟ್ರಿಪ್ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ.

ಈಗ ನಿಮ್ಮ ಮೂರು ಸಂಖ್ಯೆಗಳು. ನನಗೆ ಇವು ತುಂಬಾ ಇಷ್ಟವಾದವು, ಯಾಕೆಂದರೆ ಮೂರೂ ತಪ್ಪು, ಮೂರಕ್ಕೂ ಬೇರೆ ಬೇರೆ ಕಾರಣ, ಮೂರನ್ನೂ ನಿಮ್ಮ ಲ್ಯಾಬ್‌ನಲ್ಲೇ ನೀವೇ ಪತ್ತೆ ಮಾಡಬಹುದು. ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕಾ?

ಪರ್ಮಾಂಗನೇಟ್ ಟೈಟ್ರೇಶನ್‌ನಲ್ಲಿ ಬ್ಯುರೆಟ್ ಅಳೆಯುವುದು ಕಬ್ಬಿಣವನ್ನು ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಎಣಿಸುವುದು ಎಲೆಕ್ಟ್ರಾನ್‌ಗಳನ್ನು. ಫ್ಲಾಸ್ಕ್‌ನೊಳಗೆ ಯಾರು ಎಲೆಕ್ಟ್ರಾನ್ ಕೊಟ್ಟರೂ ಪರ್ಮಾಂಗನೇಟ್ ತೆಗೆದುಕೊಳ್ಳುತ್ತದೆ, ಕೊಟ್ಟವರ ಹೆಸರು ಕೇಳುವುದಿಲ್ಲ. ಮದುವೆ ಮನೆಯಲ್ಲಿ ಎಂಜಲೆಲೆ ಎಣಿಸಿ ಹುಡುಗನ ಕಡೆಯವರು ಇಷ್ಟು ಜನ ಬಂದಿದ್ದರು ಅಂತ ಹೇಳಿದರೆ ಹೇಗೋ ಹಾಗೆ ಇದು. ಉಂಡವರೆಲ್ಲ ಹುಡುಗನ ಕಡೆಯವರೇ ಆಗಿದ್ದರೆ ಲೆಕ್ಕ ಸರಿ. ಮೋರ್ಸ್ ಸಾಲ್ಟ್ (ಲ್ಯಾಬ್‌ನಲ್ಲಿ ಬಳಸುವ ಶುದ್ಧ ಫೆರಸ್ ಉಪ್ಪು) ಟೈಟ್ರೇಶನ್‌ನಲ್ಲಿ ಹಾಗೇ ಆಗುತ್ತದೆ, ಫೆರಸ್, ಅಂದರೆ ಇನ್ನೂ ಒಂದು ಎಲೆಕ್ಟ್ರಾನ್ ಕೊಡಬಲ್ಲ ಕಬ್ಬಿಣ, ಅದನ್ನು ಬಿಟ್ಟು ಎಲೆಕ್ಟ್ರಾನ್ ಕೊಡುವವರು ಬೇರೆ ಯಾರೂ ಇಲ್ಲ. ಮಾತ್ರೆಯಲ್ಲಿ ಸಕ್ಕರೆ ಇದೆ, ಪಿಷ್ಟ ಇದೆ, ಬಣ್ಣ ಇದೆ, ಕೆಲವದರಲ್ಲಿ ವಿಟಮಿನ್ ಸಿ ಇದೆ.

71 ಹೇಗೆ ಬಂತು ನೋಡಿ. ಕೆಂಪು ಮಾತ್ರೆಯ ಹೊರಗಿನ ಲೇಪ ಸಕ್ಕರೆಯದ್ದು. ತಣ್ಣಗಿನ ದುರ್ಬಲ ಆಮ್ಲದಲ್ಲಿ ಸಕ್ಕರೆ ಪರ್ಮಾಂಗನೇಟ್ ಜೊತೆ ನಿಧಾನಕ್ಕೆ ವ್ಯವಹರಿಸುತ್ತದೆ, ಕೈ ಚುರುಕಿದ್ದರೆ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ನೀವು ಬಿಸಿ ಮಾಡಿದಿರಿ. ಬಿಸಿ ಆಮ್ಲದಲ್ಲಿ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಅವು ಪರ್ಮಾಂಗನೇಟ್ ಅನ್ನು ಇನ್ನೂ ಬೇಗ ತಿನ್ನುತ್ತವೆ. ನಿಮಗೆ ಆಗ ಗುಲಾಬಿ ಬಣ್ಣ ಬಂದು ಮಾಯವಾಗಿರಬೇಕು, ಮತ್ತೊಂದು ಹನಿ ಹಾಕಿದಿರಿ, ಮತ್ತೆ ಮಾಯ, ಮತ್ತೊಂದು ಹನಿ. ಹಾಗೆ ಬೆನ್ನುಹತ್ತಿ ಹೋಗಿ 60 ಇರುವಲ್ಲಿ 71 ಆಯಿತು. 0.1 ನಾರ್ಮಲ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ದ್ರಾವಣದಲ್ಲಿ ಒಂದು ಮಿ.ಲೀ. ಅಂದರೆ 5.585 ಮಿ.ಗ್ರಾಂ. ಕಬ್ಬಿಣ, ಹಾಗಾಗಿ 60ಕ್ಕೂ 71ಕ್ಕೂ ನಡುವೆ ಇರುವುದು ಎರಡು ಮಿ.ಲೀ. ಮಾತ್ರ. ಮಾಯವಾಗುವ ಬಣ್ಣದ ಹಿಂದೆ ಹೋದರೆ ಎರಡು ಮಿ.ಲೀ. ಖರ್ಚಾಗುವುದಕ್ಕೆ ಎಷ್ಟು ಹೊತ್ತು ಬೇಕು?

ಬಿಸಿ ಮಾಡುವ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಆಕ್ಸಾಲಿಕ್ ಆಮ್ಲದ ಟೈಟ್ರೇಶನ್‌ನಲ್ಲಿ ಫ್ಲಾಸ್ಕ್ ಅನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಬೇಕು ಅಂತ ಹೇಳಿಕೊಟ್ಟಿರುತ್ತಾರೆ, ಅಲ್ಲಿ ಅದು ಬೇಕು, ಯಾಕೆಂದರೆ ಆಕ್ಸಾಲೇಟ್ ತಣ್ಣಗಿದ್ದಾಗ ತುಂಬಾ ನಿಧಾನ. ಅದೇ ಕೈ ಇಲ್ಲೂ ಬರ್ನರ್ ಕಡೆ ಹೋಗುತ್ತದೆ. ಫೆರಸ್‌ಗೆ ಬಿಸಿ ಬೇಕಾಗಿಲ್ಲ. ಬಿಸಿ ಮಾಡಿದರೆ ಸಕ್ಕರೆಯ ಕಾಟ ಒಂದು ಕಡೆ, ಗಾಳಿಯಲ್ಲಿರುವ ಆಮ್ಲಜನಕ ಫೆರಸ್ ಅನ್ನು ಫೆರಿಕ್ (ಆ ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ) ಮಾಡುವುದು ಇನ್ನೊಂದು ಕಡೆ.

52ರ ಕಥೆ ಈ ಎರಡನೆಯದ್ದು. ನೀವು ಮಾತ್ರೆಯನ್ನು ಬರೀ ನೀರಿನಲ್ಲಿ ಕರಗಿಸಿ ಇಟ್ಟಿರಿ, ಆಮ್ಲ ಸೇರಿಸಿದ್ದು ಟೈಟ್ರೇಟ್ ಮಾಡುವ ಮುಂಚೆ ಮಾತ್ರ. ರಾತ್ರಿ ಕಳೆದ ಮೇಲೆ ಫ್ಲಾಸ್ಕ್‌ನ ತಳದಲ್ಲಿ ಕಂದು ಬಣ್ಣದ ಗಷ್ಟು ಕೂತಿರಲಿಲ್ಲವಾ? ನಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳ ನೀರನ್ನು ನೀವು ನೋಡಿರುತ್ತೀರಿ, ಪೈಪಿನಿಂದ ಬೀಳುವಾಗ ತಿಳಿಯಾಗಿರುತ್ತದೆ, ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪಗಾಗಿ ತಳದಲ್ಲಿ ಕೆಸರು ಕೂರುತ್ತದೆ, ಬಟ್ಟೆ ಒಗೆದರೆ ಕಲೆ ಬೀಳುತ್ತದೆ. ನಡೆಯುವುದು ಅದೇ. ನೆಲದ ಆಳದಲ್ಲಿ ಗಾಳಿ ತಾಗದೆ ಕರಗಿದ್ದ ಫೆರಸ್ ಹೊರಗೆ ಬಂದ ಮೇಲೆ ಫೆರಿಕ್ ಆಗಿ, ಕರಗದೆ ಕೆಳಗೆ ಬೀಳುತ್ತದೆ. ನಿಮ್ಮ ಫ್ಲಾಸ್ಕ್‌ನಲ್ಲಿ ಕಬ್ಬಿಣ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಅದರ ಒಂದು ಭಾಗ ಆಗಲೇ ಗಾಳಿಗೆ ಎಲೆಕ್ಟ್ರಾನ್ ಕೊಟ್ಟು ಮುಗಿಸಿದೆ. ಪರ್ಮಾಂಗನೇಟ್‌ಗೆ ಕೊಡುವುದಕ್ಕೆ ಅದರ ಹತ್ತಿರ ಏನೂ ಉಳಿದಿಲ್ಲ. ಕರಗಿಸುವಾಗಲೇ ಸಲ್ಫ್ಯೂರಿಕ್ ಆಮ್ಲ ಇದ್ದಿದ್ದರೆ ಇದು ತುಂಬಾ ನಿಧಾನವಾಗುತ್ತಿತ್ತು.

400ರ ವಿಷಯ ಇನ್ನೂ ಚೆನ್ನಾಗಿದೆ. ಆಸ್ಕಾರ್ಬೇಟ್ ಅಂದರೆ ವಿಟಮಿನ್ ಸಿ. ಅದು ಕಬ್ಬಿಣವನ್ನು ಫೆರಸ್ ರೂಪದಲ್ಲೇ ಉಳಿಸಲಿ ಅಂತ ಹಾಕಿರುವುದು, ಉಳಿಸುವುದೇ ಎಲೆಕ್ಟ್ರಾನ್ ಕೊಟ್ಟು. ಒಂದು ಫೆರಸ್ ಕೊಡುವುದು ಒಂದು ಎಲೆಕ್ಟ್ರಾನ್, ಒಂದು ಆಸ್ಕಾರ್ಬೇಟ್ ಕೊಡುವುದು ಎರಡು. ಒಂದು ಕಬ್ಬಿಣಕ್ಕೆ ಎರಡು ಆಸ್ಕಾರ್ಬೇಟ್ ಅಂತ ಲೆಕ್ಕ ಹಿಡಿದರೆ, ಒಂದು ಪ್ಲಸ್ ನಾಲ್ಕು, ಒಟ್ಟು ಐದು. ಅಂದರೆ 100 ಮಿ.ಗ್ರಾಂ. ಇರುವ ಮಾತ್ರೆ ಬ್ಯುರೆಟ್‌ಗೆ 500ರ ಹಾಗೆ ಕಾಣಬಹುದು. ನೀವು ಬಿಸಿ ಮಾಡುವಾಗ ಆಸ್ಕಾರ್ಬೇಟ್ ಒಂದಿಷ್ಟು ಕೆಟ್ಟಿರುತ್ತದೆ, ಹಾಗಾಗಿ 400 ಚಿಲ್ಲರೆ. ಇದನ್ನು ತಕ್ಕಡಿಯಲ್ಲೂ ಹಿಡಿಯಬಹುದು. ಅದೇ ಲೆಕ್ಕದಲ್ಲಿ ಫೆರಸ್ ಆಸ್ಕಾರ್ಬೇಟ್‌ನಲ್ಲಿ ಕಬ್ಬಿಣ ಇರುವುದು ನೂರಕ್ಕೆ 14ರಷ್ಟು ಮಾತ್ರ. 400 ಮಿ.ಗ್ರಾಂ. ಕಬ್ಬಿಣ ಬೇಕಿದ್ದರೆ ಆ ಉಪ್ಪೇ ಸುಮಾರು 2.9 ಗ್ರಾಂ ಬೇಕು. ಮಾತ್ರೆಯನ್ನು ತೂಗಿ ನೋಡಿ, ಇಡೀ ಮಾತ್ರೆಯೇ ಅಷ್ಟು ತೂಕ ಇರುವುದಿಲ್ಲ. ಬಂದ ಉತ್ತರ ಮಾತ್ರೆಯೊಳಗೆ ಹಿಡಿಯುತ್ತದೋ ಇಲ್ಲವೋ ಅಂತ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ನನ್ನ ಹತ್ತಿರ ಕೆಲಸ ಕಲಿಯಲು ಬರುವವರಿಗೆಲ್ಲ ನಾನು ಮೊದಲು ಮಾಡಿಸುವುದು ಇದನ್ನೇ.

ನಂಬಿಕೆ ಬರಲಿಲ್ಲವಾದರೆ ಹೀಗೆ ಮಾಡಿ. ಮೆಡಿಕಲ್‌ನಲ್ಲಿ ಚೀಪುವ ವಿಟಮಿನ್ ಸಿ ಮಾತ್ರೆ ಸಿಗುತ್ತದೆ, 500 ಮಿ.ಗ್ರಾಂ.ನದ್ದು. ಅದರಲ್ಲಿ ಕಬ್ಬಿಣ ಇಲ್ಲ. ಅದನ್ನು ಪರ್ಮಾಂಗನೇಟ್ ಜೊತೆ ಟೈಟ್ರೇಟ್ ಮಾಡಿ, ಬಂದ ಮಿ.ಲೀ.ಯನ್ನು ಕಬ್ಬಿಣದ ಲೆಕ್ಕಕ್ಕೆ ಹಾಕಿ. 300 ಮಿ.ಗ್ರಾಂ. ದಾಟುತ್ತದೆ. ಕಬ್ಬಿಣವೇ ಇಲ್ಲದ ಮಾತ್ರೆಯಲ್ಲಿ 300 ಮಿ.ಗ್ರಾಂ. ಕಬ್ಬಿಣ! ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲೇ ಹಾಕಿ ಅದನ್ನು.

ಈಗ ಸರಿಯಾಗಿ ಅಳೆಯುವುದು ಹೇಗೆ ಅಂತ. ಕೆಂಪು ಮಾತ್ರೆ ಸುಲಭ, ಅದರಿಂದ ಶುರು ಮಾಡಿ. ಅದರಲ್ಲಿರುವುದು ಒಣಗಿಸಿದ ಫೆರಸ್ ಸಲ್ಫೇಟ್. ಹತ್ತು ಮಾತ್ರೆ ತೆಗೆದುಕೊಳ್ಳಿ. ಸುಮಾರು ಒಂದು ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಕಿ ತಣ್ಣಗೇ ಅಲ್ಲಾಡಿಸುತ್ತಾ ಕರಗಿಸಿ. ಆಮ್ಲವನ್ನು ನೀರಿಗೆ ಹಾಕಿ ತಯಾರು ಮಾಡಬೇಕು, ನೀರನ್ನು ಆಮ್ಲಕ್ಕಲ್ಲ, ಇದನ್ನು ಕೊನೆಯ ವರ್ಷದವರಿಗೂ ಹೇಳಬೇಕಾಗುತ್ತದೆ. ನೀರು ಡಿಸ್ಟಿಲ್ಡ್ ಆಗಿರಲಿ, ಕುದಿಸಿ ಮುಚ್ಚಿ ತಣಿಸಿದ್ದಾದರೆ ಅದರಲ್ಲಿ ಕರಗಿದ ಗಾಳಿಯೂ ಕಮ್ಮಿ. ಲೇಪ ಬಿಟ್ಟುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಗಾಜಿನ ಕಡ್ಡಿಯಿಂದ ಒತ್ತಿ ಪುಡಿ ಮಾಡಿ. ತಳದಲ್ಲಿ ಬಿಳಿ ಪುಡಿ ಉಳಿದರೆ ಹೆದರಬೇಡಿ, ಅದು ಟಾಲ್ಕ್, ಪಿಷ್ಟ ಮುಂತಾದವು, ಸೋಸಿ ಬಿಡಿ, ಸೋಸಿದ ಕಾಗದವನ್ನು ಆಮ್ಲದ ನೀರಿನಲ್ಲಿ ತೊಳೆದು ಆ ನೀರನ್ನೂ ಸೇರಿಸಿಕೊಳ್ಳಿ. ಎಲ್ಲ ಸೇರಿ 250 ಮಿ.ಲೀ. ಫ್ಲಾಸ್ಕ್‌ನಲ್ಲಿ ಗೆರೆವರೆಗೆ ತುಂಬಿಸಿ. ಇದರಲ್ಲಿ 25 ಮಿ.ಲೀ. ಪಿಪೆಟ್ ಮಾಡಿದರೆ ಸರಿಯಾಗಿ ಒಂದು ಮಾತ್ರೆಯ ಪಾಲು ಬರುತ್ತದೆ, ಲೆಕ್ಕ ಮಾಡಲು ಸುಲಭ ಅಂತಲೇ ಈ ಅಳತೆ. 60 ಮಿ.ಗ್ರಾಂ. ಇದ್ದರೆ 0.1 ನಾರ್ಮಲ್‌ನಲ್ಲಿ 10.74 ಮಿ.ಲೀ. ಬರಬೇಕು. ಒಂದು ಹನಿ ಹೆಚ್ಚು ಕಡಿಮೆ ಆದರೆ ತಪ್ಪು ಅರ್ಧ ಶೇಕಡಾ. ಎರಡು ಮಾತ್ರೆ ಹಾಕಿ ಇದನ್ನೇ ಮಾಡಿದ್ದರೆ ಅದೇ ಒಂದು ಹನಿಗೆ ತಪ್ಪು ಎರಡೂವರೆ ಶೇಕಡಾ ಆಗುತ್ತಿತ್ತು.

ಬ್ಯುರೆಟ್‌ನಲ್ಲಿ ಏನು ತುಂಬಬೇಕು ಅನ್ನುವುದು ಮುಖ್ಯ. ಫಾರ್ಮಕೋಪಿಯಾ (ಔಷಧಗಳ ಗುಣಮಟ್ಟದ ಅಧಿಕೃತ ಪುಸ್ತಕ) ವಿಧಾನಗಳಲ್ಲಿ ಕಬ್ಬಿಣದ ಮಾತ್ರೆಗೆ ಸೀರಿಕ್ ದ್ರಾವಣ (ಸೀರಿಯಂ ಲೋಹದ್ದು, ಪರ್ಮಾಂಗನೇಟ್ ಹಾಗೇ ಎಲೆಕ್ಟ್ರಾನ್ ತೆಗೆದುಕೊಳ್ಳುವಂಥದ್ದು), ಇಂಡಿಕೇಟರ್ ಆಗಿ, ಅಂದರೆ ಬಣ್ಣ ತಿರುಗಿ ಮುಗಿಯಿತು ಅಂತ ತೋರಿಸಲು, ಫೆರೋಯಿನ್ ಬಳಸುವುದು ಸುಮ್ನೆ ಅಲ್ಲ. ತಣ್ಣಗಿನ ಆಮ್ಲದಲ್ಲಿ ಸೀರಿಕ್ ಸಕ್ಕರೆಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಫೆರಸ್ ಜೊತೆ ಮಾತ್ರ ಚುರುಕು. ಬಣ್ಣ ಕೆಂಪು ಕಿತ್ತಳೆಯಿಂದ ತಿಳಿ ನೀಲಿಗೆ ಒಂದೇ ಹನಿಯಲ್ಲಿ ತಿರುಗುತ್ತದೆ, ನೋಡಲು ಚೆಂದ. ಕಾಲೇಜಿನಲ್ಲಿ ಸೀರಿಕ್ ಅಮೋನಿಯಂ ಸಲ್ಫೇಟ್ ಇಲ್ಲವಾದರೆ ಡೈಕ್ರೋಮೇಟ್ ಆಗಬಹುದು, ಡೈಫಿನೈಲಮೀನ್ ಸಲ್ಫೋನೇಟ್ ಇಂಡಿಕೇಟರ್ ಮತ್ತು ಸ್ವಲ್ಪ ಫಾಸ್ಫಾರಿಕ್ ಆಮ್ಲ ಹಾಕಿಕೊಂಡು. ಆದರೆ ಕ್ರೋಮಿಯಂ ವಿಷ, ಕೈಗವಸು ಹಾಕಿ, ಉಳಿದದ್ದನ್ನು ಸಿಂಕ್‌ಗೆ ಸುರಿಯಬೇಡಿ. ಎರಡೂ ಇಲ್ಲ, ಪರ್ಮಾಂಗನೇಟ್ ಒಂದೇ ಇರುವುದು ಅಂತಾದರೆ ಅದರಲ್ಲೇ ಮಾಡಿ, ತಣ್ಣಗೆ, ಬೇಗ, ಮೊದಲ ಸಲ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತ ಕೂಡಲೇ ನಿಲ್ಲಿಸಿ. ಪರ್ಮಾಂಗನೇಟ್ ಇಟ್ಟಲ್ಲೇ ಕೆಡುವ ವಸ್ತು, ಅವತ್ತೇ ಮೋರ್ಸ್ ಸಾಲ್ಟ್‌ನಿಂದ ಸ್ಟ್ಯಾಂಡರ್ಡೈಸ್ ಮಾಡಿ, ಅಂದರೆ ಅದರ ನಿಜವಾದ ನಾರ್ಮಾಲಿಟಿಯನ್ನು ಅಳೆದುಕೊಳ್ಳಿ. ಬಾಟಲಿಯ ಮೇಲೆ ಯಾರೋ ಹೋದ ವರ್ಷ ಬರೆದಿಟ್ಟ ನಾರ್ಮಾಲಿಟಿಯನ್ನು ನಂಬಬೇಡಿ.

ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಮಾತ್ರೆ ಮುಟ್ಟುವ ಮೊದಲೇ ಒಂದು ನಕಲಿ ಮಾತ್ರೆ ಮಾಡಿ. ಮೋರ್ಸ್ ಸಾಲ್ಟ್‌ನಲ್ಲಿ ಕಬ್ಬಿಣ 14.24 ಶೇಕಡಾ, ಹಾಗಾಗಿ 0.421 ಗ್ರಾಂ ತೂಗಿದರೆ ಅದರಲ್ಲಿ ಸರಿಯಾಗಿ 60 ಮಿ.ಗ್ರಾಂ. ಕಬ್ಬಿಣ ಇರುತ್ತದೆ. ಇದು ನಿಮಗೆ ಉತ್ತರ ಗೊತ್ತಿರುವ ಮಾತ್ರೆ. ಒಂದನ್ನು ಹಾಗೇ ಟೈಟ್ರೇಟ್ ಮಾಡಿ. ಇನ್ನೊಂದಕ್ಕೆ ಅಡಿಗೆ ಮನೆಯ ಸಕ್ಕರೆ ಸ್ವಲ್ಪ ಹಾಕಿ ತಣ್ಣಗೆ ಮಾಡಿ. ಮೂರನೆಯದಕ್ಕೆ ಸಕ್ಕರೆ ಹಾಕಿ ಬಿಸಿ ಮಾಡಿ. ನಾಲ್ಕನೆಯದನ್ನು ಬರೀ ನೀರಿನಲ್ಲಿ ರಾತ್ರಿ ಇಟ್ಟು ಮರುದಿನ ಮಾಡಿ. ನಿಮ್ಮ 71, ನಿಮ್ಮ 52 ಎರಡೂ ಅಲ್ಲೇ ಹುಟ್ಟುವುದನ್ನು ಕಣ್ಣಾರೆ ನೋಡುತ್ತೀರಿ. ಹೀಗೆ ಮಾಡಿ ತೋರಿಸಿದವರ ಮುಂದೆ ವೈವಾದಲ್ಲಿ ಯಾರೂ ಪ್ರಶ್ನೆ ಎಳೆಯುವುದಿಲ್ಲ.

ಕೆಲವರು ಸ್ಪೈಕ್ ಮಾಡಿ ನೋಡಿ ಅಂತ ಹೇಳುತ್ತಾರೆ. ಅಂದರೆ ಮಾತ್ರೆಯ ದ್ರಾವಣಕ್ಕೆ ಗೊತ್ತಿರುವ 10 ಮಿ.ಗ್ರಾಂ. ಕಬ್ಬಿಣ ಸೇರಿಸಿ, ಉತ್ತರವೂ 10 ಏರುತ್ತದೋ ನೋಡುವುದು. ಒಳ್ಳೆಯ ಅಭ್ಯಾಸ, ಮಾಡಿ. ಆದರೆ ಆಸ್ಕಾರ್ಬೇಟ್ ಮಾತ್ರೆಯಲ್ಲಿ ಅದು ನಿಮ್ಮನ್ನು ಕಾಪಾಡುವುದಿಲ್ಲ. 400 ಇದ್ದದ್ದು 410 ಆಗುತ್ತದೆ, ಸ್ಪೈಕ್ ಪೂರ್ತಿ ಸಿಕ್ಕಿತು ಅಂತ ನೀವು ಖುಷಿಪಡುತ್ತೀರಿ, ಆಸ್ಕಾರ್ಬೇಟ್ ಕೊಟ್ಟ 300 ಅಲ್ಲೇ ಕೂತಿರುತ್ತದೆ. ಅದನ್ನು ಹಿಡಿಯಬೇಕಾದರೆ ಪೂರ್ತಿ ಬೇರೆ ತತ್ವದ ಇನ್ನೊಂದು ವಿಧಾನವೇ ಬೇಕು. ಸೀರಿಕ್ ಹಾಕಿದರೂ ಪ್ರಯೋಜನ ಇಲ್ಲ, ವಿಟಮಿನ್ ಸಿ ಅದಕ್ಕೂ ಎಲೆಕ್ಟ್ರಾನ್ ಕೊಡುತ್ತದೆ.

ಆ ಇನ್ನೊಂದು ವಿಧಾನ ಫೆನಾಂತ್ರೋಲಿನ್. ಡಿಗ್ರಿ ಕಾಲೇಜಿನ ಲ್ಯಾಬ್‌ನಲ್ಲೇ ಆಗುವಂಥದ್ದು, ಕಲರಿಮೀಟರ್ ಅಥವಾ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಸಾಕು. 1,10-ಫೆನಾಂತ್ರೋಲಿನ್ ಫೆರಸ್ ಕಬ್ಬಿಣವನ್ನು ಹಿಡಿದು ಕಿತ್ತಳೆ ಕೆಂಪು ಬಣ್ಣ ಕೊಡುತ್ತದೆ, ಅದನ್ನು 510 ನ್ಯಾನೋಮೀಟರ್‌ನಲ್ಲಿ ಓದುವುದು. ಇಲ್ಲಿ ಎಲೆಕ್ಟ್ರಾನ್ ಎಣಿಕೆ ಇಲ್ಲ, ಕಬ್ಬಿಣಕ್ಕೆ ಅಂಟಿಕೊಂಡ ಬಣ್ಣದ ಎಣಿಕೆ. ವಿಟಮಿನ್ ಸಿ ಇದ್ದರೆ ತೊಂದರೆ ಇಲ್ಲದಿರುವುದು ಮಾತ್ರ ಅಲ್ಲ, ಉಪಕಾರವೇ, ಯಾಕೆಂದರೆ ಅದು ಕಬ್ಬಿಣವನ್ನು ಫೆರಸ್ ಆಗಿಯೇ ಇಡುತ್ತದೆ. ಕೆಂಪು ಮಾತ್ರೆಗೆ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ಹಾಕಿದರೆ ಫೆರಿಕ್ ಆಗಿರುವುದೂ ವಾಪಸ್ ಫೆರಸ್ ಆಗುತ್ತದೆ, ಹಾಗಾಗಿ ರಾತ್ರಿ ಇಟ್ಟ ದ್ರಾವಣದಲ್ಲೂ ಮೊದಲು ಗಷ್ಟನ್ನು ಆಮ್ಲ ಹಾಕಿ ಕರಗಿಸಿಕೊಂಡರೆ ಪೂರ್ತಿ ಕಬ್ಬಿಣ ಸಿಗುತ್ತದೆ. ಹಾಕಿ ಒಂದು ಸಲ, ಹಾಕದೆ ಒಂದು ಸಲ ಓದಿದರೆ ಎಷ್ಟು ಫೆರಸ್, ಎಷ್ಟು ಫೆರಿಕ್ ಅಂತಲೂ ಗೊತ್ತಾಗುತ್ತದೆ.

ಅಳತೆ ಹೇಳುತ್ತೇನೆ. ಒಂದು ಕೆಂಪು ಮಾತ್ರೆಯನ್ನು ಆಮ್ಲದಲ್ಲಿ ಕರಗಿಸಿ 100 ಮಿ.ಲೀ. ಮಾಡಿದರೆ ಲೀಟರಿಗೆ 600 ಮಿ.ಗ್ರಾಂ. ಆಯಿತು, ಇದು ಓದಲು ತುಂಬಾ ಜಾಸ್ತಿ. 10 ಮಿ.ಲೀ. ತೆಗೆದು 100 ಮಾಡಿ, ಅದರಲ್ಲಿ 10 ತೆಗೆದು ಮತ್ತೆ 100 ಮಾಡಿ. ಒಂದೇ ಸಲಕ್ಕೆ 1 ಮಿ.ಲೀ. ತೆಗೆದು 100 ಮಾಡಬೇಡಿ, ಸಣ್ಣ ಪಿಪೆಟ್‌ನ ತಪ್ಪು ದೊಡ್ಡದು. ಈಗ ಲೀಟರಿಗೆ 6 ಮಿ.ಗ್ರಾಂ. ಇದರಲ್ಲಿ 10 ಮಿ.ಲೀ. ತೆಗೆದು, ಹೈಡ್ರಾಕ್ಸಿಲಮೀನ್, ಸೋಡಿಯಂ ಅಸಿಟೇಟ್, ಫೆನಾಂತ್ರೋಲಿನ್ ಹಾಕಿ 25 ಮಾಡಿದರೆ 2.4. ಒಂದು ಸೆಂ.ಮೀ. ಕುವೆಟ್‌ನಲ್ಲಿ (ದ್ರಾವಣ ಹಾಕಿ ಓದುವ ಸಣ್ಣ ಪಾತ್ರೆ) ಅಬ್ಸಾರ್ಬನ್ಸ್, ಅಂದರೆ ಎಷ್ಟು ಬೆಳಕು ಹೀರಿತು ಅನ್ನುವ ಅಳತೆ, ಸುಮಾರು 0.48 ಬರಬೇಕು. ಅಸಿಟೇಟ್ ಮರೆತರೆ ಆಮ್ಲ ಹೆಚ್ಚಾಗಿ ಬಣ್ಣ ಸರಿಯಾಗಿ ಬರುವುದೇ ಇಲ್ಲ. ಕಾಲು ಗಂಟೆ ಬಿಟ್ಟು ಓದಿ. ಸ್ಟ್ಯಾಂಡರ್ಡ್‌ಗೆ 0.702 ಗ್ರಾಂ ಮೋರ್ಸ್ ಸಾಲ್ಟ್ ಅನ್ನು ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಒಂದು ಲೀಟರ್ ಮಾಡಿದರೆ ಲೀಟರಿಗೆ 100 ಮಿ.ಗ್ರಾಂ. ಕಬ್ಬಿಣ, ಅದರಿಂದ ಲೀಟರಿಗೆ 0.5, 1, 2, 3, 4 ಮಿ.ಗ್ರಾಂ. ಅಂತ ಮಾಡಿಕೊಂಡು, ಅವುಗಳ ಅಬ್ಸಾರ್ಬನ್ಸ್ ಓದಿ ಗ್ರಾಫ್‌ನಲ್ಲಿ ಗೆರೆ ಎಳೆಯಿರಿ. ಆಸ್ಕಾರ್ಬೇಟ್ ಮಾತ್ರೆಯಲ್ಲಿ 100 ಇದ್ದರೆ ಇದೇ ಅಳತೆಯಲ್ಲಿ ಅದು 4ಕ್ಕೆ ಬಂದು ನಿಲ್ಲುತ್ತದೆ, ಗೆರೆಯ ತುದಿಯಲ್ಲಿ, ಅದನ್ನು ಇನ್ನೂ ಸ್ವಲ್ಪ ತೆಳು ಮಾಡಿದರೆ ಒಳ್ಳೆಯದು.

ಇಲ್ಲಿ ಎರಡು ಹೊಂಡ ಇದೆ, ಬೀಳಬೇಡಿ. ಒಂದು, ನಲ್ಲಿ ನೀರು. ಟೈಟ್ರೇಶನ್‌ನಲ್ಲಿ ನಲ್ಲಿ ನೀರಿನ ಕಬ್ಬಿಣ ಲೆಕ್ಕಕ್ಕೇ ಬರುವುದಿಲ್ಲ. ಲೀಟರಿಗೆ 1 ಮಿ.ಗ್ರಾಂ. ಇರುವ ಬೋರ್‌ವೆಲ್ ನೀರಾದರೂ 25 ಮಿ.ಲೀ.ಯಲ್ಲಿ ಇರುವುದು 0.025 ಮಿ.ಗ್ರಾಂ., 60ರ ಎದುರು ಅದು ಏನೂ ಅಲ್ಲ. ಆದರೆ ಫೆನಾಂತ್ರೋಲಿನ್‌ನಲ್ಲಿ ಪ್ರತಿ ಸಲ ತೆಳು ಮಾಡುವುದಕ್ಕೂ ಅದೇ ನೀರು ಹಾಕಿದರೆ ಕೊನೆಗೆ 2.4 ಇರಬೇಕಾದಲ್ಲಿ 3.4 ಆಗುತ್ತದೆ. 60ರ ಮಾತ್ರೆ 85 ಆಗಿ ಕೂರುತ್ತದೆ. ಡಿಸ್ಟಿಲ್ಡ್ ನೀರಿನಲ್ಲೇ ಮಾಡಿ, ಜೊತೆಗೆ ಮಾತ್ರೆ ಇಲ್ಲದೆ ಉಳಿದದ್ದೆಲ್ಲ ಹಾಕಿ ಒಂದು ಬ್ಲಾಂಕ್ ಓದಿ. ಎರಡು, ಮಾತ್ರೆಯ ಕೆಂಪು ಬಣ್ಣ. ಕೆಂಪಗೆ ಕಾಣುವ ಆಹಾರ ಬಣ್ಣಗಳು 510ರ ಆಸುಪಾಸಿನ ಬೆಳಕನ್ನೇ ಹೀರುತ್ತವೆ. ಇಷ್ಟು ತೆಳು ಮಾಡಿದ ಮೇಲೆ ಅದರ ಪಾಲು ಸಣ್ಣದು, ಆದರೂ ಮಾತ್ರೆಯ ದ್ರಾವಣಕ್ಕೆ ಎಲ್ಲ ಹಾಕಿ ಫೆನಾಂತ್ರೋಲಿನ್ ಒಂದನ್ನು ಬಿಟ್ಟು ಓದಿ, ಬಂದದ್ದನ್ನು ಕಳೆಯಿರಿ.

ಲೇಬಲ್ ಓದುವ ವಿಷಯ ಕೂಡ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಮುಂದೆ ಬೇರೆ ಮಾತ್ರೆ ತಂದು ಅಳೆಯುತ್ತೀರಿ, ಆಗ ಮತ್ತೆ ಮೋಸ ಅಂತ ಅನ್ನಿಸಬಾರದು. ಕೆಲವು ಸ್ಟ್ರಿಪ್‌ಗಳಲ್ಲಿ ಉಪ್ಪಿನ ತೂಕ ಬರೆದಿರುತ್ತಾರೆ, ಕೆಲವದರಲ್ಲಿ ಅದರೊಳಗಿನ ಕಬ್ಬಿಣದ ತೂಕ. ಫೆರಸ್ ಸಲ್ಫೇಟ್, ನಮ್ಮ ಹಿರಿಯರು ಅನ್ನಭೇದಿ ಅಂತ ಹೇಳುತ್ತಿದ್ದದ್ದು, ಹಸಿರು ಹರಳಾಗಿದ್ದರೆ ಏಳು ನೀರಿನ ಅಣು ಕಟ್ಟಿಕೊಂಡಿರುತ್ತದೆ, ಕಬ್ಬಿಣ 20 ಶೇಕಡಾ ಮಾತ್ರ. ಒಣಗಿಸಿದ್ದರಲ್ಲಿ 32ರ ಹತ್ತಿರ. ಹಾಗಾಗಿ 300 ಮಿ.ಗ್ರಾಂ. ಹರಳಿನದ್ದೂ 200 ಮಿ.ಗ್ರಾಂ. ಒಣಗಿಸಿದ್ದೂ ಹೆಚ್ಚುಕಮ್ಮಿ ಒಂದೇ. ಫೆರಸ್ ಫ್ಯೂಮರೇಟ್‌ನಲ್ಲಿ 33 ಶೇಕಡಾ, ಗ್ಲೂಕೋನೇಟ್‌ನಲ್ಲಿ 12 ಚಿಲ್ಲರೆ. ಕಾರ್ಬೊನಿಲ್ ಕಬ್ಬಿಣ ಅಂತ ಬರೆದಿದ್ದರೆ ಅದು ಹೆಚ್ಚುಕಡಿಮೆ ಶುದ್ಧ ಕಬ್ಬಿಣದ ನುಣ್ಣನೆ ಪುಡಿ. ಫ್ಯೂಮರೇಟ್ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ಮಾತ್ರ ಆಮ್ಲದಲ್ಲಿ ಮೆಲ್ಲಗೆ ಬಿಸಿ ಮಾಡಿ, ತಣಿಸಿ, ಆಮೇಲೆ ಟೈಟ್ರೇಟ್ ಮಾಡಿ. ಪಾಲಿಮಾಲ್ಟೋಸ್ ಇರುವುದು ಫೆರಿಕ್, ಅದನ್ನು ನೇರವಾಗಿ ಟೈಟ್ರೇಟ್ ಮಾಡಿ ಕಬ್ಬಿಣವೇ ಇಲ್ಲ ಅಂತ ತೀರ್ಮಾನಿಸಬೇಡಿ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಪರಿಚಯದವರು ಇದ್ದು ಅಟಾಮಿಕ್ ಅಬ್ಸಾರ್ಪ್ಶನ್ ಮಾಡಿಸಿಕೊಳ್ಳಲು ಅವಕಾಶ ಸಿಕ್ಕಿದರೆ ಬಿಡಬೇಡಿ. 248.3 ನ್ಯಾನೋಮೀಟರ್‌ನಲ್ಲಿ ಕಬ್ಬಿಣದ ಪರಮಾಣುವನ್ನೇ ಓದುತ್ತದೆ, ಸಕ್ಕರೆಯೂ ವಿಟಮಿನ್ ಸಿಯೂ ಅದಕ್ಕೆ ಕಾಣುವುದಿಲ್ಲ. ಆದರೆ ಅದಕ್ಕೂ ಒಂದು ಮಿತಿ ಇದೆ. ಫೆರಸ್, ಫೆರಿಕ್ ಭೇದ ಅದಕ್ಕೆ ಗೊತ್ತಿಲ್ಲ. ಕೆಲವು ಮಾತ್ರೆಗಳ ಹೊರಪದರಕ್ಕೆ ಬಣ್ಣ ಬರಲು ಐರನ್ ಆಕ್ಸೈಡ್ ಹಾಕುತ್ತಾರೆ, ನಮ್ಮ ಮುರಕಲ್ಲಿಗೆ ಕೆಂಪು ಬಣ್ಣ ಕೊಡುವ ಜಾತಿಯದ್ದೇ. ದೇಹಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ, ಗಟ್ಟಿ ಆಮ್ಲದಲ್ಲಿ ಕುದಿಸಿ ಓದಿದರೆ ಅದೂ ಕಬ್ಬಿಣದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಯಂತ್ರ ದೊಡ್ಡದು ಅಂತ ಅದೊಂದರ ಸಂಖ್ಯೆಯನ್ನೇ ಹಿಡಿದು ಕೂರಬೇಡಿ, ಫೆನಾಂತ್ರೋಲಿನ್‌ನ ಉತ್ತರದ ಪಕ್ಕದಲ್ಲಿಟ್ಟು ನೋಡಿ.

ಇಷ್ಟೆಲ್ಲ ಮಾಡಿದ ಮೇಲೆ ಕೆಂಪು ಮಾತ್ರೆ 58, 61 ಅಂತ ಬಂದರೆ ಅದು ಸರಿಯಾದ ಮಾತ್ರೆ, ಮೇಲೆ ಕೆಳಗೆ ಸ್ವಲ್ಪ ಹೋಗಲು ನಿಯಮದಲ್ಲೇ ಅವಕಾಶ ಇರುತ್ತದೆ. ಎರಡು ಬೇರೆ ಬೇರೆ ವಿಧಾನದಲ್ಲೂ, ಬ್ಲಾಂಕ್ ಕಳೆದ ಮೇಲೂ, ನಕಲಿ ಮಾತ್ರೆ ಸರಿಯಾಗಿ 60 ಕೊಟ್ಟ ದಿನವೂ ನಿಜವಾದ ಮಾತ್ರೆ 40 ಅಂತಲೇ ಬರುತ್ತಿದ್ದರೆ ಆಗ ಅದು ಗಂಭೀರ ವಿಷಯ. ಆಗಲೂ ಕಂಪನಿಯ ಹೆಸರು ಹಾಕಿ ವಾಟ್ಸಾಪ್‌ನಲ್ಲಿ ಹಂಚಬೇಡಿ. ಊರಿನ ಹತ್ತು ಜನ ಗರ್ಭಿಣಿಯರು ಅದನ್ನು ಓದಿ ಇದ್ದ ಮಾತ್ರೆಯನ್ನೂ ಬಿಟ್ಟರೆ ಆ ನಷ್ಟ ತುಂಬುವುದು ಕಷ್ಟ. ಆರೋಗ್ಯ ಕೇಂದ್ರದ ಮಾತ್ರೆಯಾದರೆ ಅಲ್ಲಿನ ಡಾಕ್ಟರಿಗೆ ಬರೆದು ಕೊಡಿ. ಹಣ ಕೊಟ್ಟು ತಂದದ್ದಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ 26ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ತಾವು ಕೊಂಡ ಔಷಧಿಯನ್ನು ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ವರದಿ ಸಹಿ ಹಾಕಿ ಕೊಡುತ್ತಾರೆ. ಆಹಾರ ಪೂರಕ ಅಂತ ಮಾರುವ, ಔಷಧದ ಲೈಸೆನ್ಸ್ ಇಲ್ಲದ ಡಬ್ಬಿಯಾದರೆ ಅದು ಆಹಾರ ಸುರಕ್ಷತೆಯವರ ಕೈಗೆ ಬರುವುದು, ದೂರು ಅಲ್ಲಿ ಕೊಡಬೇಕು. ಯಾವುದಕ್ಕೂ ಈಗಿನಿಂದಲೇ ಮೆಡಿಕಲ್‌ನ ಬಿಲ್ ಎತ್ತಿಡಿ, ಮಾತ್ರೆ ಬಿಡಿಸುವಾಗ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ತಾರೀಕು ಇರುವ ತುಂಡನ್ನು ಹರಿದು ಬಿಸಾಡಬೇಡಿ, ಅದೇ ಬ್ಯಾಚಿನ ತೆರೆಯದ ಒಂದು ಸ್ಟ್ರಿಪ್ ಕೂಡ ಬೇರೆ ಇಟ್ಟುಕೊಳ್ಳಿ.